ಮೂರು ವರ್ಷ ಪ್ಯಾಟ್ರೋನಿ ಬಳಸಿದ ಮೇಲೆ: ಇಬ್ಬರು ಯಜಮಾನರ ಕಾಟ ತಪ್ಪಿತು

ರಾಯಚೂರಿನ ಎಪಿಎಂಸಿ ದಲಾಲಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಕೊಡುವ ಸಣ್ಣ ತಂಡ ನಮ್ಮದು. ಹತ್ತಿ ಸೀಸನ್‌ನಲ್ಲಿ ಬೆಳಗ್ಗೆಯಿಂದ ತೂಕದ ಚೀಟಿ ಬೀಳುತ್ತಲೇ ಇರುತ್ತವೆ. ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದರ ಸರ್ವರ್‌ಗಳಲ್ಲಿ ಯಾವುದು ಮುಖ್ಯ ಎಂದು ನೋಡಿಕೊಳ್ಳುವ ಸಾಫ್ಟ್‌ವೇರ್ ಪ್ಯಾಟ್ರೋನಿ.

ಮೊದಲು ಎರಡೇ ಸರ್ವರ್, ಜೊತೆಗೆ ನಾನೇ ಬರೆದ ಸ್ಕ್ರಿಪ್ಟ್. ಮುಖ್ಯ ಸರ್ವರ್ ಪಿಂಗ್‌ಗೆ ಉತ್ತರಿಸದಿದ್ದರೆ ಸ್ಟ್ಯಾಂಡ್‌ಬೈ (ನಕಲು ಇಟ್ಟುಕೊಂಡು ಕಾಯುವ ಎರಡನೇ ಸರ್ವರ್) ತಾನೇ ಮುಖ್ಯ ಆಗಿಬಿಡುತ್ತಿತ್ತು. ಒಂದು ಮಧ್ಯಾಹ್ನ ನಡುವಿನ ನೆಟ್‌ವರ್ಕ್ ಸ್ವಿಚ್ ಕೈಕೊಟ್ಟಿತು. ಎರಡೂ ಸರ್ವರ್ ಚೆನ್ನಾಗಿಯೇ ಇದ್ದವು, ಎರಡೂ ಚೀಟಿ ಬರೆದುಕೊಂಡವು. ಒಂದೇ ನಂಬರ್, ಇಬ್ಬರು ರೈತರು, ಬೇರೆ ಬೇರೆ ತೂಕ. ಸ್ಪ್ಲಿಟ್ ಬ್ರೈನ್ ಅಂದರೆ ಇದೇ. ಗುಮಾಸ್ತರ ಜೊತೆ ಕೂತು ಕಾಗದದ ಚೀಟಿ ನೋಡಿ ಸರಿಮಾಡಲು ಎರಡು ರಾತ್ರಿ ಹಿಡಿಯಿತು. ರೈತನ ದುಡ್ಡಿನ ಲೆಕ್ಕ, ಅಂದಾಜಿನಲ್ಲಿ ತುಂಬಲು ಆಗುತ್ತದಾ?

ಉತ್ತರ ಬರದಿದ್ದರೆ ಮುಖ್ಯ ಸರ್ವರ್ ಸತ್ತಿದೆ ಎಂಬ ಊಹೆಯನ್ನೇ ಪ್ಯಾಟ್ರೋನಿ ತೆಗೆದುಹಾಕಿತು. ಯಜಮಾನಿಕೆಯ ಕೀ (ಯಾರು ಮುಖ್ಯ ಎಂದು ಹೇಳುವ ದಾಖಲೆ) ಇಟಿಸಿಡಿಯಲ್ಲಿ, ಅಂದರೆ ಹಲವು ಯಂತ್ರಗಳು ಸೇರಿ ಕಾಯುವ ಪುಟ್ಟ ಡೇಟಾಬೇಸ್‌ನಲ್ಲಿ, ಇರುತ್ತದೆ, ಆಯಸ್ಸು 30 ಸೆಕೆಂಡ್. ಮುಖ್ಯ ಸರ್ವರ್ 10 ಸೆಕೆಂಡಿಗೊಮ್ಮೆ ಅದನ್ನು ಮುಂದುವರಿಸಬೇಕು. ಆಗದಿದ್ದರೆ ತಾನೇ ಕೆಳಗಿಳಿಯುತ್ತದೆ. ಇಟಿಸಿಡಿಯ 3 ನೋಡ್‌ಗಳಲ್ಲಿ (ಯಂತ್ರಗಳಲ್ಲಿ) 2 ಒಪ್ಪಿದರೆ ಮಾತ್ರ ಕೀ ಸಿಗುತ್ತದೆ. ಹಾಗಾಗಿ ಒಂಟಿಯಾಗಿ ಉಳಿದ ಸರ್ವರ್ ಯಜಮಾನ ಆಗಲಾರದು.

ಪ್ಯಾಟ್ರೋನಿಯೇ ಹ್ಯಾಂಗ್ ಆದರೆ? ಅದಕ್ಕೆ ಲಿನಕ್ಸ್‌ನ ವಾಚ್‌ಡಾಗ್, ಅಂದರೆ ಕಾವಲು ಟೈಮರ್, ಇದೆ. ಕೀ ಮುಗಿಯುವ 5 ಸೆಕೆಂಡ್ ಮೊದಲೇ ಯಂತ್ರವನ್ನು ರೀಬೂಟ್ ಮಾಡುತ್ತದೆ. ಡೀಫಾಲ್ಟ್‌ನಲ್ಲಿ ಅದು 'ಆಟೋಮ್ಯಾಟಿಕ್': ವಾಚ್‌ಡಾಗ್ ಸಿಗದಿದ್ದರೂ ಸುಮ್ನೆ ಮುಂದುವರಿಯುತ್ತದೆ. ದಯವಿಟ್ಟು 'ರಿಕ್ವೈರ್ಡ್' ಮಾಡಿಕೊಳ್ಳಿ. ನಾನು ಇದನ್ನು ಒಂದು ವರ್ಷ ತಡವಾಗಿ ಮಾಡಿದೆ.

ತೊಂದರೆಗಳೂ ಇವೆ. ಇಟಿಸಿಡಿಯನ್ನು ಪೋಸ್ಟ್‌ಗ್ರೆಸ್ ಇದ್ದ ಡಿಸ್ಕ್‌ನಲ್ಲೇ ಇಟ್ಟಿದ್ದೆ. ಲೋಡ್ ಜಾಸ್ತಿಯಾದಾಗ ಡಿಸ್ಕ್ ನಿಧಾನವಾಗಿ, ಕಾರಣವಿಲ್ಲದೆ ಫೇಲ್‌ಓವರ್ (ಯಜಮಾನಿಕೆ ಇನ್ನೊಂದು ಸರ್ವರ್‌ಗೆ ಹೋಗುವುದು) ಆಗುತ್ತಿತ್ತು. ಬೇರೆ ಎಸ್‌ಎಸ್‌ಡಿಗೆ ಹಾಕಿದ ಮೇಲೆ ನಿಂತಿತು. ಇಟಿಸಿಡಿಯ ಮೂರನೇ ನೋಡ್ ಬೇರೆ ಕಟ್ಟಡದಲ್ಲಿ, ಬೇರೆ ಯುಪಿಎಸ್ ಮೇಲೆ ಇರಲಿ. ಇಟಿಸಿಡಿಯಲ್ಲಿ ಬಹುಮತ ಹೋದರೆ ಡೇಟಾಬೇಸ್ ಓದಲಿಕ್ಕೆ ಮಾತ್ರ ಸಿಗುತ್ತದೆ, ಚೀಟಿ ಹಾಕಲಾಗದು. ಪ್ಯಾಟ್ರೋನಿ 3.0 ಆವೃತ್ತಿಯ ಫೇಲ್‌ಸೇಫ್ ಮೋಡ್‌ನಿಂದ (ಉಳಿದ ಸರ್ವರ್‌ಗಳೆಲ್ಲ ಸಂಪರ್ಕಕ್ಕೆ ಸಿಕ್ಕರೆ ಮುಖ್ಯ ಸರ್ವರ್ ಹಾಗೇ ಮುಂದುವರಿಯುತ್ತದೆ) ಇದು ಕಡಿಮೆಯಾಗಿದೆ. ಇನ್ನೊಂದು, ನಕಲು ಅಸಿಂಕ್ರೊನಸ್ ಆಗಿದ್ದರೆ (ಸ್ಟ್ಯಾಂಡ್‌ಬೈಗೆ ತಲುಪಲು ಕಾಯದಿದ್ದರೆ) ಕೊನೆಯ ಕೆಲವು ಚೀಟಿ ಕಳೆದುಹೋಗಬಹುದು. ನಾವು ಕಾಯುವ ಸಿಂಕ್ರೊನಸ್ ಮೋಡ್ ಹಾಕಿದ್ದೇವೆ. ಬರೆಯುವುದು ಸ್ವಲ್ಪ ನಿಧಾನ, ಆದರೆ ಗುಮಾಸ್ತರು ಯಾರೂ ದೂರಿಲ್ಲ.

ಪ್ರತಿ ಸೀಸನ್‌ಗೆ ಮುಂಚೆ ಒಂದು ಭಾನುವಾರ ಮುಖ್ಯ ಸರ್ವರ್‌ನ ಕೇಬಲ್ ಕಿತ್ತು ನೋಡುತ್ತೇನೆ. ಈ ಸಲ ಒಂದು ನಿಮಿಷದೊಳಗೆ ಇನ್ನೊಂದು ಸರ್ವರ್ ಕೆಲಸ ಶುರುಮಾಡಿತು. ಕೇಬಲ್ ಮತ್ತೆ ಹಾಕಿದಾಗ ಹಳೆಯದು ಪಿಜಿ ರಿವೈಂಡ್ (ಹಳೆಯ ಸರ್ವರ್ ಅನ್ನು ಹೊಸ ಮುಖ್ಯದ ಜೊತೆ ಹೊಂದಿಸುವ ಸಾಧನ) ಮಾಡಿಕೊಂಡು ಸ್ಟ್ಯಾಂಡ್‌ಬೈ ಆಗಿ ಕೂತಿತು. ಚೀಟಿ ನಂಬರ್ ಒಂದೂ ಎರಡು ಸಲ ಬಂದಿರಲಿಲ್ಲ.