ರೀಫ್ ಅಕ್ವೇರಿಯಂ ತಂಪಾಗಿಡಲು ಡಬ್ಲ್ಯೂ1209 ಬೋರ್ಡ್ ಮತ್ತು ಕಂಪ್ಯೂಟರ್ ಫ್ಯಾನ್: ಒಂದು ವಿಮರ್ಶೆ

ಡಬ್ಲ್ಯೂ1209 ಎಂಬುದು 12 ವೋಲ್ಟ್ ಡಿಸಿಯಲ್ಲಿ ಕೆಲಸ ಮಾಡುವ ಪುಟ್ಟ ಥರ್ಮೋಸ್ಟಾಟ್ ಬೋರ್ಡ್, ಅಂದರೆ ತಾಪಮಾನ ನೋಡಿ ಉಪಕರಣವನ್ನು ಹತ್ತಿಸಿ ಆರಿಸುವ ಫಲಕ. ಅದರ ಮೇಲೆ ಮೂರಂಕಿಯ ಡಿಸ್‌ಪ್ಲೇ, ಮೂರು ಬಟನ್, ಒಂದು ರಿಲೇ (ವಿದ್ಯುತ್ತಿನಿಂದ ತಾನಾಗಿ ಹತ್ತಿ ಆರುವ ಸ್ವಿಚ್) ಇರುತ್ತವೆ. ಉದ್ದನೆಯ ತಂತಿಯ ತುದಿಯಲ್ಲಿ ತಾಪಮಾನ ಅಳೆಯುವ ಸೆನ್ಸರ್ ಇರುತ್ತದೆ. 120 ಮಿಲಿಮೀಟರ್ ಅಳತೆಯ ಕಂಪ್ಯೂಟರ್ ಫ್ಯಾನ್ ಕೂಡ 12 ವೋಲ್ಟಿನದೇ ಆದ್ದರಿಂದ, ಒಂದೇ ಅಡಾಪ್ಟರ್‌ನಿಂದ ಎರಡನ್ನೂ ನಡೆಸಿ, ಹವಳ ಸಾಕುವ ತೊಟ್ಟಿಗೆ ತಾನಾಗಿ ಹತ್ತಿ ಆರುವ ತಂಪು ವ್ಯವಸ್ಥೆಯೊಂದನ್ನು ಮನೆಯಲ್ಲೇ ಕಟ್ಟಿಕೊಳ್ಳಬಹುದು. ಈ ಕೆಲಸಕ್ಕೆ ಬೋರ್ಡ್ ಯೋಗ್ಯವೆಂಬುದು ನನ್ನ ಅಭಿಪ್ರಾಯ. ಆದರೆ ಅದು ಪೊಟ್ಟಣದಿಂದ ಹೊರಬಂದ ಸ್ಥಿತಿಯಲ್ಲಿ ಅಲ್ಲ.

ಫ್ಯಾನ್ ನೀರನ್ನು ತಂಪಾಗಿಸುವುದು ಗಾಳಿಯ ತಂಪಿನಿಂದಲ್ಲ, ಆವಿಯಾಗುವಿಕೆಯಿಂದ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 2,400 ಕಿಲೋಜೂಲ್ ಶಾಖವನ್ನು ಕೊಂಡೊಯ್ಯುತ್ತದೆ. ದಿನಕ್ಕೆ ಒಂದು ಲೀಟರ್ ಆವಿಯಾದರೆ ಎಡೆಬಿಡದೆ ಸುಮಾರು 28 ವ್ಯಾಟ್ ಶಾಖವನ್ನು ಹೊರಹಾಕಿದಂತೆ. ಎರಡು ಮೂರು ವ್ಯಾಟ್ ಮಾತ್ರ ಬಳಸುವ ಫ್ಯಾನ್ ಇಷ್ಟು ಕೆಲಸ ಮಾಡುವುದು ದೊಡ್ಡ ಸಂಗತಿ. ಬಹುಪಾಲು ಹವಳಗಳು 24ರಿಂದ 27 ಡಿಗ್ರಿ ಸೆಲ್ಸಿಯಸ್ ನಡುವೆ ನೆಮ್ಮದಿಯಾಗಿರುತ್ತವೆ. ಶಾಖ ಹೆಚ್ಚಿ ಹಾಗೆಯೇ ಉಳಿದರೆ ತಮ್ಮ ಒಡಲಲ್ಲಿರುವ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತವೆ, ಆಹಾರದ ಮುಖ್ಯ ಮೂಲವನ್ನೇ ಕಳೆದುಕೊಳ್ಳುತ್ತವೆ. ಆದ್ದರಿಂದ ಒಂದೆರಡು ಡಿಗ್ರಿಯ ಅಂತರವನ್ನು ಇಲ್ಲಿ ಹಗುರವಾಗಿ ಎಣಿಸುವಂತಿಲ್ಲ.

ವೈರಿಂಗ್‌ನಲ್ಲಿ ಹೊಸಬರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಬೋರ್ಡಿನಲ್ಲಿ ಪ್ಲಸ್ 12 ವೋಲ್ಟ್, ಗ್ರೌಂಡ್, ಕೆ0, ಕೆ1 ಎಂದು ನಾಲ್ಕು ಟರ್ಮಿನಲ್‌ಗಳಿವೆ. ಕೆ0 ಮತ್ತು ಕೆ1 ಫ್ಯಾನ್‌ಗೆ ವಿದ್ಯುತ್ ಕೊಡುವ ಜಾಗಗಳೆಂದು ಅನೇಕರು ಭಾವಿಸುತ್ತಾರೆ. ಆದರೆ ಅವು ರಿಲೇಯ ಒಳಗಿನ ಸ್ವಿಚ್ಚಿನ ಎರಡು ತುದಿಗಳು ಮಾತ್ರ, ಅವುಗಳಿಂದ ತಾವಾಗಿ ಯಾವ ವೋಲ್ಟೇಜೂ ಬರುವುದಿಲ್ಲ. ಅಡಾಪ್ಟರ್‌ನ ಪ್ಲಸ್ ತಂತಿಯನ್ನು ಪ್ಲಸ್ 12 ವೋಲ್ಟ್ ಟರ್ಮಿನಲ್ಲಿಗೆ, ಮೈನಸ್ ತಂತಿಯನ್ನು ಗ್ರೌಂಡಿಗೆ ಕೊಟ್ಟ ಮೇಲೆ, ಪ್ಲಸ್ ಟರ್ಮಿನಲ್ಲಿನಿಂದ ಕೆ1ಕ್ಕೆ ಒಂದು ತುಂಡು ತಂತಿ ಸೇರಿಸಬೇಕು. ಕೆ0ದಿಂದ ಫ್ಯಾನ್‌ನ ಪ್ಲಸ್ ತಂತಿಗೆ, ಫ್ಯಾನ್‌ನ ಮೈನಸ್‌ನಿಂದ ಗ್ರೌಂಡಿಗೆ ಜೋಡಿಸಬೇಕು. ಮೂರು ತಂತಿಯ ಫ್ಯಾನ್‌ನಲ್ಲಿ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್, ಹಳದಿ ವೇಗ ತಿಳಿಸುವ ಸಂಕೇತದ ತಂತಿ. ಹಳದಿಯ ತುದಿಯನ್ನು ಮುಚ್ಚಿ ಬಿಟ್ಟುಬಿಡಬಹುದು. ನಾಲ್ಕನೆಯ ತಂತಿ ಇದ್ದರೆ ಅದು ವೇಗ ನಿಯಂತ್ರಣದ್ದು, ಅದನ್ನು ಯಾವುದಕ್ಕೂ ಸೇರಿಸದಿದ್ದರೆ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತದೆ. ಎರಡು ಫ್ಯಾನ್ ಹಾಕುವವರು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೂಡಿಸಬೇಕು. ಒಂದರ ಹಿಂದೆ ಒಂದು ಜೋಡಿಸಿದರೆ ವೋಲ್ಟೇಜ್ ಹಂಚಿಹೋಗುತ್ತದೆ.

ಸೆಟ್ ಬಟನ್ನನ್ನು ಐದು ಸೆಕೆಂಡ್ ಒತ್ತಿ ಹಿಡಿದರೆ ಮೆನು ತೆರೆಯುತ್ತದೆ. ಪಿ0ಯಲ್ಲಿ ತಂಪು ಕ್ರಮವನ್ನು ಆರಿಸಬೇಕು. ಪಿ1 ಎಂಬುದು ಹತ್ತುವ ಮತ್ತು ಆರುವ ತಾಪಮಾನಗಳ ನಡುವಿನ ಅಂತರ. ಬರುವಾಗಲೇ ಅದು 2 ಡಿಗ್ರಿಗೆ ನಿಂತಿರುತ್ತದೆ, ಹವಳದ ತೊಟ್ಟಿಗೆ ಇದು ಬಹಳ ಹೆಚ್ಚು. ಅರ್ಧ ಡಿಗ್ರಿಗೆ ಇಳಿಸಿದರೆ ನೀರಿನ ಏರಿಳಿತ ಹಿಡಿತದಲ್ಲಿರುತ್ತದೆ, ರಿಲೇಯೂ ಅತಿಯಾಗಿ ಟಿಕ್‌ಟಿಕ್ ಎನ್ನುವುದಿಲ್ಲ. ನಂಬಿಕೆಯ ಥರ್ಮಾಮೀಟರ್ ಒಂದನ್ನು ಪಕ್ಕದಲ್ಲಿಟ್ಟು, ಪಿ4ರಲ್ಲಿ ಸೆನ್ಸರ್‌ನ ವ್ಯತ್ಯಾಸವನ್ನು ಸರಿಪಡಿಸುವುದನ್ನು ಮಾತ್ರ ಯಾರೂ ಬಿಡಬಾರದು.

ಬೋರ್ಡಿನ ದೊಡ್ಡ ಕೊರತೆ ಅದರ ಬೆತ್ತಲೆ ಮೈ. ಉಪ್ಪುನೀರಿನ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿಬಂದು ಟರ್ಮಿನಲ್‌ಗಳ ಮೇಲೆ ಹಸಿರು ಕಿಲುಬು ಕಟ್ಟುತ್ತವೆ. ಆ ತಾಮ್ರದ ಕಿಲುಬು ತೊಟ್ಟಿಗೆ ಉದುರಿದರೆ ಸೀಗಡಿ, ಬಸವನಹುಳು, ಹವಳಗಳಿಗೆ ಅದು ವಿಷ. ಆದ್ದರಿಂದ ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಬೋರ್ಡನ್ನು ಕೂರಿಸಿ, ನೀರಿನ ಮೇಲ್ಭಾಗದಿಂದ ದೂರದಲ್ಲಿ, ತೊಟ್ಟಿಯ ಅಂಚಿಗಿಂತ ಆಚೆಗೆ ಅಳವಡಿಸಬೇಕು. ಜೋಡಣೆಗಳನ್ನು ಬರಿ ತಿರುಚಿ ಟೇಪ್ ಸುತ್ತದೆ, ಬೆಸುಗೆ ಹಾಕಿ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಬೇಕು; ತಂತಿಗಳು ಪೆಟ್ಟಿಗೆಯನ್ನು ಸೇರುವ ಮೊದಲು ಕೆಳಕ್ಕೆ ಜೋತು ಮತ್ತೆ ಮೇಲೇರುವಂತಿದ್ದರೆ ಹನಿಗಳು ಅಲ್ಲೇ ತೊಟ್ಟಿಕ್ಕುತ್ತವೆ. ಅಡಾಪ್ಟರ್ ಹಾಕುವ ಸಾಕೆಟ್ಟಿಗೆ ವಿದ್ಯುತ್ ಸೋರಿಕೆಯಾದಾಗ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಬ್ರೇಕರ್ ಇರಲೇಬೇಕು, ಇದರಲ್ಲಿ ರಾಜಿಯಿಲ್ಲ. ಫ್ಯಾನ್‌ನ ಆಯ್ಕೆಗೂ ಇದೇ ಮಾತು ಸಲ್ಲುತ್ತದೆ: ನೀರು, ಧೂಳು ತಡೆಯುವ ಐಪಿ67 ದರ್ಜೆಯ ಫ್ಯಾನ್‌ಗೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ಎರಡನೆಯ ಕೊರತೆ ಸೆನ್ಸರ್‌ಗೆ ಸಂಬಂಧಿಸಿದ್ದು. ಅದರ ತಂತಿ ಬಿಟ್ಟುಹೋದರೆ ಡಿಸ್‌ಪ್ಲೇಯಲ್ಲಿ ಮೂರು 'ಎಲ್' ಅಕ್ಷರಗಳು ಕಾಣಿಸಿ ರಿಲೇ ತೆರೆದುಕೊಳ್ಳುತ್ತದೆ, ಫ್ಯಾನ್ ನಿಲ್ಲುತ್ತದೆ. ಕೂಗಿ ಎಚ್ಚರಿಸುವ ಬಜರ್ ಬೋರ್ಡಿನ ಮೇಲಿಲ್ಲ. ಬೇಸಿಗೆಯ ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಇದು ಕಳವಳದ ವಿಷಯ, ಹಾಗಾಗಿ ಸ್ವತಂತ್ರವಾಗಿ ಎಚ್ಚರಿಸುವ ಇನ್ನೊಂದು ಥರ್ಮಾಮೀಟರ್ ಬೇಕು. ರಿಲೇ ಅಂಟಿಕೊಂಡು ಫ್ಯಾನ್ ನಿಲ್ಲದೆ ತಿರುಗಿದರೆ ಅಷ್ಟು ಅಪಾಯವಿಲ್ಲ, ಏಕೆಂದರೆ ಆವಿಯಿಂದಾಗುವ ತಂಪಿಗೆ ತನ್ನದೇ ಮಿತಿಯಿದೆ. ಹೀಟರ್‌ನ ರಿಲೇ ಅಂಟಿಕೊಂಡರೆ ಇಡೀ ತೊಟ್ಟಿಯೇ ಬೆಂದುಹೋಗುತ್ತದೆ. ಆದ್ದರಿಂದ ಈ ಬೋರ್ಡಿಗೆ ಹೀಟರನ್ನು ಒಪ್ಪಿಸಬಾರದು.

ನೀರು ಆವಿಯಾದರೂ ಉಪ್ಪು ಹಿಂದೆಯೇ ಉಳಿಯುತ್ತದೆ. 100 ಲೀಟರ್ ತೊಟ್ಟಿಯಲ್ಲಿ ಎರಡು ಲೀಟರ್ ಕಡಿಮೆಯಾದರೆ ಲವಣಾಂಶ ಸಾವಿರ ಭಾಗಕ್ಕೆ 35ರಿಂದ ಸುಮಾರು 35.7ಕ್ಕೆ ಏರುತ್ತದೆ. ಫ್ಯಾನ್ ಹಾಕಿದ ಮೇಲೆ ಶುದ್ಧೀಕರಿಸಿದ ಸಿಹಿನೀರನ್ನು ಪ್ರತಿದಿನ, ಸಾಧ್ಯವಾದರೆ ಮಟ್ಟ ನೋಡಿ ತಾನಾಗಿ ಸುರಿಯುವ ಸಾಧನದಿಂದ, ತುಂಬುತ್ತಿರಬೇಕು.

ಗಾಳಿಯಲ್ಲಿ ತೇವ ಹೆಚ್ಚಿರುವ ಕಡೆ ಈ ಉಪಾಯವೇ ಸೋಲುತ್ತದೆ. ಕೋಣೆಯಲ್ಲಿ 32 ಡಿಗ್ರಿ ಶಾಖ, ಶೇಕಡ 50 ತೇವಾಂಶವಿದ್ದರೆ ಆವಿಯಾಗುವಿಕೆಯ ತಂಪು ಹೆಚ್ಚೆಂದರೆ 24 ಡಿಗ್ರಿಯವರೆಗೆ ಇಳಿಸಬಲ್ಲದು, ದೀಪ ಮತ್ತು ಪಂಪಿನ ಶಾಖ ಸೇರಿದಾಗ ಅಷ್ಟೂ ಸಿಗದು. ತೇವಾಂಶ ಶೇಕಡ 85 ಆದಾಗ ಆ ಮಿತಿಯೇ 30 ಡಿಗ್ರಿಯ ಹತ್ತಿರ ಬರುತ್ತದೆ. ಅಂಥಲ್ಲಿ ಇರುವವರು ಬೋರ್ಡಿಗೂ ಫ್ಯಾನ್‌ಗೂ ಖರ್ಚು ಮಾಡದೆ ಚಿಲ್ಲರ್ (ನೀರನ್ನು ತಂಪಾಗಿಸುವ ಯಂತ್ರ) ಕೊಳ್ಳುವುದೇ ಮೇಲು. ಬಹುತೇಕ ಚಿಲ್ಲರ್‌ಗಳಲ್ಲಿ ಥರ್ಮೋಸ್ಟಾಟ್ ಒಳಗೇ ಇರುವುದರಿಂದ ಡಬ್ಲ್ಯೂ1209ರ ಅಗತ್ಯವೂ ಬೀಳುವುದಿಲ್ಲ.