ಮೆಕಾನಮ್ ಚಕ್ರಗಳು, ಮೂರು ವರ್ಷಗಳ ಬಳಕೆಯ ನಂತರ: ದಾರದ ಕಾಟವೊಂದನ್ನು ಬಿಟ್ಟರೆ

ಹೊಲಿಗೆ ಅಂಗಡಿ ಇಟ್ಟವರು, ಗಾಡಿಯನ್ನು ಪಕ್ಕಕ್ಕೂ ಸರಿಸಬಲ್ಲ ಈ ಮೆಕಾನಮ್ ಚಕ್ರಗಳನ್ನು ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಬೇಕು: ಇವು ದಾರ ತಿನ್ನುತ್ತವೆ. ಮೂರು ವರ್ಷಗಳ ಹಿಂದೆ 100 ಮಿ.ಮೀ. ವ್ಯಾಸದ ನಾಲ್ಕು ಚಕ್ರಗಳನ್ನು ತಂದು, ನನ್ನ ಹೆಂಡತಿಯ ಅಂಗಡಿಯಲ್ಲಿ ಕಟಿಂಗ್ ಮೇಜಿನಿಂದ ಆರು ಮಷಿನ್‌ಗಳ ಸಾಲಿಗೆ ಬಟ್ಟೆಯ ಕಟ್ಟುಗಳನ್ನು ಒಯ್ಯುವ ಗಾಡಿಯೊಂದನ್ನು ಕಟ್ಟಿದೆ. ನಾಲ್ಕು ಮೋಟಾರು, ಬ್ಯಾಟರಿ ಎಲ್ಲ ಸೇರಿ ಹದಿನಾಲ್ಕು ಸಾವಿರ ರೂಪಾಯಿ ಖರ್ಚಾಯಿತು. ನಮ್ಮಂಥವರಿಗೆ ಅದು ಸಣ್ಣ ಮೊತ್ತವಲ್ಲ. ತಳ್ಳಿದತ್ತ ಹೊರಳುವ ಮಾಮೂಲಿ ಕ್ಯಾಸ್ಟರ್ ಚಕ್ರ ಸಾಲದಿತ್ತೇ ಎಂದು ಕೇಳುವವರಿದ್ದಾರೆ. ಅದನ್ನು ತಳ್ಳಲು ಪ್ರತಿ ಸಲವೂ ಯಾರಾದರೂ ಏಳಬೇಕು, ಮತ್ತು ದಿಕ್ಕು ಬದಲಿಸುವಾಗ ಅದರ ಹಿಂಬದಿ ಹೊರಳಿ ಪೆಡಲ್ ಮೇಲಿನ ಕಾಲಿಗೆ ಬಡಿಯುತ್ತಿತ್ತು. ಮಷಿನ್‌ಗಳ ನಡುವಿನ ಓಣಿ ಎರಡೇ ಅಡಿ ಅಗಲವಿದೆ.

ಇಕ್ಕಟ್ಟಿನ ಜಾಗಕ್ಕೆ ಚಕ್ರ ಹುಡುಕುವುದು ಹಳೆಯ ತಲೆನೋವು. ಅಂಚಿನ ಸುತ್ತ ಅಡ್ಡಲಾಗಿ ಸಣ್ಣ ರೋಲರ್‌ಗಳಿರುವ ಚಕ್ರಕ್ಕೆ ಗ್ರಾಬೊವಿಯೆಕಿ ಎಂಬವರು ಅಮೆರಿಕದಲ್ಲಿ 1919ರಲ್ಲೇ ಪೇಟೆಂಟ್ ಪಡೆದಿದ್ದರು. ಸ್ವೀಡನ್ನಿನ ಮೆಕಾನಮ್ ಕಂಪನಿಯಲ್ಲಿದ್ದ ಬೆಂಗ್ಟ್ ಇಲಾನ್ 1970ರ ದಶಕದಲ್ಲಿ ಆ ರೋಲರ್‌ಗಳನ್ನು 45 ಡಿಗ್ರಿ ಓರೆಯಾಗಿ ಕೂರಿಸಿದರು. ಹೆಸರು ಬಂದದ್ದು ಆ ಕಂಪನಿಯಿಂದಲೇ. ಓರೆಯ ಕಾರಣದಿಂದ ಪ್ರತಿ ಚಕ್ರವೂ ಗಾಡಿಯನ್ನು ಮೂಲೆಯ ಕಡೆಗೆ ನೂಕುತ್ತದೆ. ನಾಲ್ಕೂ ಮುಂದಕ್ಕೆ ತಿರುಗಿದರೆ ಪಕ್ಕದ ನೂಕುಗಳು ಒಂದನ್ನೊಂದು ಅಳಿಸಿ ಗಾಡಿ ನೇರ ಹೋಗುತ್ತದೆ. ಎದುರುಬದುರು ಮೂಲೆಯ ಒಂದು ಜೋಡಿ ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗಿದರೆ, ಮುಖ ತಿರುಗಿಸದೆಯೇ ಪಕ್ಕಕ್ಕೆ ಸರಿಯುತ್ತದೆ. ಅಂಗಡಿಯ ಹುಡುಗಿಯರು ಇದಕ್ಕೆ ಮೊದಲ ದಿನವೇ ‘ಏಡಿ’ ಎಂದು ಹೆಸರಿಟ್ಟರು.

ಜೋಡಿಸುವಾಗ ನಾನೇ ಒಂದು ತಪ್ಪು ಮಾಡಿದೆ. ಮೇಲಿನಿಂದ ನೋಡಿದಾಗ ನಾಲ್ಕು ಚಕ್ರಗಳ ಮೇಲ್ಭಾಗದ ರೋಲರ್‌ಗಳು ಗುಣಾಕಾರದ ಚಿಹ್ನೆಯಂತೆ ನಡುವಿನತ್ತ ಮುಖಮಾಡಿರಬೇಕು. ನಾನು ಎಡಬಲ ಅದಲುಬದಲು ಹಾಕಿದ್ದರಿಂದ ಗಾಡಿ ಪಕ್ಕಕ್ಕೇನೋ ಸರಿಯಿತು, ಆದರೆ ನಿಂತಲ್ಲೇ ತಿರುಗಲು ಒಪ್ಪಲಿಲ್ಲ. ಎರಡು ಸಂಜೆಗಳನ್ನು ವೈರಿಂಗ್ ಬಿಚ್ಚಿ ಕಳೆದ ಮೇಲೆ ಕಾರಣ ತಿಳಿಯಿತು.

ಇನ್ನು ದಾರದ ವಿಷಯ. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್‌ನ ಕೆಳಗೆ ಬೀಳುವ ತುಂಡು ದಾರ ಮತ್ತು ಜುಂಗು ರೋಲರ್‌ನ ಎರಡು ತುದಿಗಳಲ್ಲಿ, ಪಿನ್ನು ಲೋಹದ ಕಿವಿಯೊಳಗೆ ಕೂರುವ ಜಾಗದಲ್ಲಿ ಸುತ್ತಿಕೊಳ್ಳುತ್ತದೆ. ಹದಿನೈದು ದಿನ ಬಿಟ್ಟರೆ ಒಂದೆರಡು ರೋಲರ್‌ಗಳು ತಿರುಗುವುದನ್ನೇ ನಿಲ್ಲಿಸುತ್ತವೆ. ಆಗ ಚಕ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಆ ಜಾಗ ನೆಲವನ್ನು ತರಚಿ ‘ಟಕ್’ ಎನ್ನುತ್ತದೆ, ಗಾಡಿ ಓರೆಯಾಗಿ ಜಾರುತ್ತದೆ. ಮೊದಲ ವರ್ಷ ಮಷಿನ್ ಎಣ್ಣೆ ಬಿಟ್ಟೆ. ಜುಂಗು ಎಣ್ಣೆ ಕುಡಿದು ಅಂಟಾಯಿತು, ನಾಲ್ಕು ರೋಲರ್‌ಗಳು ಹಾಳಾದವು. ಬಿಡಿ ರೋಲರ್ ಕೇಳಿದರೆ ಮಾರಿದವರು ಪೂರ್ತಿ ಚಕ್ರವನ್ನೇ ಕೊಳ್ಳಿ ಎಂದರು. ಆ ದಿನ ಈ ವಿಮರ್ಶೆ ಬರೆದಿದ್ದರೆ ಒಂದೇ ನಕ್ಷತ್ರ ಕೊಡುತ್ತಿದ್ದೆ.

ಈಗ ಪ್ರತಿ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಪಕ್ಕಕ್ಕಿಟ್ಟು, ಹಳೆಯ ದಿನಪತ್ರಿಕೆ ಹಾಸಿ, ಗಾಡಿಯನ್ನು ಬೋರಲು ಹಾಕುತ್ತೇನೆ. ಬ್ಲೇಡಿನ ಮೂಲೆಯಿಂದ ದಾರ ಕೊಯ್ದು ದಬ್ಬಣದಿಂದ ಎಳೆದು, ಪ್ರತಿ ರೋಲರನ್ನೂ ಬೆರಳಲ್ಲಿ ತಿರುಗಿಸಿ ನೋಡಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಎಣ್ಣೆ ಮುಟ್ಟಿಸುವುದಿಲ್ಲ. ಹೊರಬರುವ ಉಂಡೆ ನೋಡಿದರೆ ಆ ವಾರ ಏನು ಹೊಲಿದರೆಂದು ಹೇಳಬಹುದು: ಜೂನ್‌ನಲ್ಲಿ ಯೂನಿಫಾರ್ಮಿನ ಬಿಳಿ ಮತ್ತು ನೀಲಿ, ಮದುವೆಯ ದಿನಗಳಲ್ಲಿ ಕೆಂಪಿನ ನಡುವೆ ಜರಿಯ ಎಳೆ. ಬೈಯುತ್ತ ಶುರುಮಾಡಿದ ಕೆಲಸ ಯಾವಾಗ ಇಷ್ಟವಾಯಿತೋ ತಿಳಿಯದು.

ನೆಲವನ್ನೂ ನೋಡಿಕೊಳ್ಳಿ. ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಗಾಡಿ ಬೆಣ್ಣೆಯಂತೆ ಸರಿಯುತ್ತದೆ. ವರಾಂಡದ ಕಡಪ ಕಲ್ಲಿನ ಸಂದುಗಳಲ್ಲಿ ಒಂದು ಚಕ್ರ ಗಾಳಿಯಲ್ಲಿ ನಿಂತರೂ ಸಾಕು, ಲೆಕ್ಕವೆಲ್ಲ ತಪ್ಪುತ್ತದೆ. ಪಕ್ಕಕ್ಕೆ ಓಡಿಸುವಾಗ ಬ್ಯಾಟರಿಯೂ ಬೇಗ ಇಳಿಯುತ್ತದೆ. ಜರ್ಮನಿಯ ಕೂಕಾ ಸಂಸ್ಥೆಯ ಆಮ್ನಿಮೂವ್ ಎಂಬ ಸಾಗಣೆ ಗಾಡಿ ಇದೇ ಬಗೆಯ ಚಕ್ರಗಳ ಮೇಲೆ ಟನ್‌ಗಟ್ಟಲೆ ತೂಕದ ವಿಮಾನದ ಭಾಗಗಳನ್ನು ಹೊರುತ್ತದೆಯಂತೆ; ನಮ್ಮದು ಹನ್ನೆರಡು ಕಿಲೋ ಬ್ಲೌಸ್ ಪೀಸಿಗೆ ಸುಸ್ತಾಗದಿದ್ದರೆ ಸಾಕು.

ಮೂರೂವರೆ ನಕ್ಷತ್ರ. ಕಳೆದ ತಿಂಗಳು ಗಾಡಿ ನಾಲ್ಕು ದಿನ ರಿಪೇರಿಯಲ್ಲಿದ್ದಾಗ, ‘ಇದ್ಯಾಕೆ ಬೇಕಿತ್ತು’ ಎಂದು ಮೊದಲು ಬೈದಿದ್ದ ನನ್ನಾಕೆಯೇ ಎರಡನೆಯ ದಿನ, ‘ಏಡಿ ಯಾವಾಗ ಬರುತ್ತೆ ರೀ?’ ಎಂದು ಕೇಳಿದಳು.