ಕೀ ನನ್ನ ಜೇಬಲ್ಲಿತ್ತು, ಟ್ರ್ಯಾಕ್ಟರ್ ಹೊರಟುಬಿಟ್ಟಿತು

ಹಳೇ ಟ್ರ್ಯಾಕ್ಟರ್ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಸೆಲ್ಫ್ ಹಿಡಿಯದಿದ್ದಾಗ ಕೆಳಗೆ ನಿಂತು, ಸ್ಕ್ರೂಡ್ರೈವರ್ ತಾಗಿಸಿ ಸ್ಟಾರ್ಟ್ ಮಾಡುವ ಅಭ್ಯಾಸ ಇರುವವರು ತಪ್ಪದೆ ಓದಿ. ಕಳೆದ ಮಳೆಗಾಲದಲ್ಲಿ ನಾನು ಹಾಗೆ ಮಾಡಲು ಹೋಗಿ ನಮ್ಮ ಚಿಕ್ಕಪ್ಪನ ಕಾಲು ಮುರಿಯಿತು.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಸ್ವಲ್ಪ ಗದ್ದೆ, ಸ್ವಲ್ಪ ಅಡಿಕೆ ತೋಟ. ಟ್ರ್ಯಾಕ್ಟರ್ 35 ಎಚ್‌ಪಿಯದ್ದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 20 ವರ್ಷ ದಾಟಿದೆ. ಎಂಜಿನ್ ಈಗಲೂ ಗಟ್ಟಿ. ತೊಂದರೆ ಶುರುವಾಗಿದ್ದು ಮೇ ಕೊನೆಯಲ್ಲಿ. ಕೀ ತಿರುಗಿಸಿದರೆ ಒಂದು ದಿನ ಸರಿಯಾಗಿ ಹಿಡಿಯುತ್ತಿತ್ತು, ಇನ್ನೊಂದು ದಿನ ಬರೀ ‘ಟಕ್’ ಅಂದು ಸುಮ್ಮನಾಗುತ್ತಿತ್ತು. ಹೆಡ್‌ಲೈಟ್ ಹಾಕಿದರೆ ಚೆನ್ನಾಗೇ ಉರಿಯುತ್ತಿತ್ತು.

ನಮ್ಮ ಕಡೆ ಇದಕ್ಕೆ ಎಲ್ಲರೂ ಮಾಡುವ ಉಪಾಯ ಗೊತ್ತಲ್ಲ, ರಾತ್ರಿ ಏರಿನಲ್ಲಿ ನಿಲ್ಲಿಸುವುದು, ಬೆಳಿಗ್ಗೆ ಇಳಿಜಾರಿಗೆ ಬಿಟ್ಟು ಸ್ಟಾರ್ಟ್ ಮಾಡುವುದು. ನಾವೂ ಅದನ್ನೇ ಮಾಡಿದೆವು. ಆದರೆ ಕೆಸರು ಗದ್ದೆಯ ಮಧ್ಯೆ ನಿಂತರೆ ಏರು ಎಲ್ಲಿಂದ ತರೋದು?

ಪೇಟೆಗೆ ಹೋಗಿ ಕೇಳಿದೆ. ಮೀಟರ್ ಹಿಡಿಯದೆ, ಏನೂ ನೋಡದೆ, ‘ಬ್ಯಾಟರಿ ಹೋಗಿದೆ’ ಅಂದರು. ಹೊಸದಕ್ಕೆ 7,200 ರೂಪಾಯಿ. ಹತ್ತು ದಿನ ಚೆನ್ನಾಗಿತ್ತು, ಮತ್ತೆ ಅದೇ ‘ಟಕ್’. ಆಮೇಲೆ ಇನ್ನೊಬ್ಬರು ಸೆಲ್ಫ್ ಮೋಟರ್ ಬಿಚ್ಚಿಸಿ, ಕಾರ್ಬನ್ ಬ್ರಶ್, ಬುಶ್ ಎಲ್ಲ ಬದಲಿಸಿ 3,500 ತಗೊಂಡರು. ಅವರ ಬೆಂಚ್ ಮೇಲೆ ಮೋಟರ್ ಬುರ್ರನೆ ತಿರುಗಿತು. ನನಗೂ ಸಮಾಧಾನ ಆಯಿತು. ಆದರೆ ಬೆಂಚ್ ಮೇಲೆ ಅವರು ತಮ್ಮದೇ ದಪ್ಪ ಕೇಬಲ್ ಕೊಟ್ಟು ತಿರುಗಿಸಿ ನೋಡುತ್ತಾರೆ, ನಮ್ಮ ಟ್ರ್ಯಾಕ್ಟರ್‌ನ ಹಳೇ ವೈರ್ ಅಲ್ಲಿ ಇರುವುದೇ ಇಲ್ಲ. ಇದು ಆಗ ನನಗೆ ಹೊಳೆಯಲಿಲ್ಲ. ಬರುವಾಗ ಅವರೇ ಹೇಳಿಕೊಟ್ಟರು: ‘ಅರ್ಜೆಂಟ್ ಇದ್ದಾಗ ಹಿಡಿಯದಿದ್ರೆ ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ಸೊಲೆನಾಯ್ಡ್‌ನ ದಪ್ಪ ಬೋಲ್ಟಿಗೂ ಪಕ್ಕದ ಸಣ್ಣ ಟರ್ಮಿನಲ್ಲಿಗೂ ಸ್ಕ್ರೂಡ್ರೈವರ್ ತಾಗಿಸಿ, ಹಿಡಿಯುತ್ತೆ.’ ನಿಜ, ಹಿಡಿಯುತ್ತಿತ್ತು. ನಾಲ್ಕೈದು ಸಲ ಮಾಡಿದೆ, ಧೈರ್ಯ ಬಂತು.

ಪುನರ್ವಸು ಮಳೆ ಜೋರಾಗಿ ಹಿಡಿದಿತ್ತು. ನಾಟಿಗೆ ಆಳುಗಳು ಬಂದಾಗಿತ್ತು, ಕೆಳಗಿನ ಎರಡು ಗದ್ದೆ ಇನ್ನೂ ಹೂಟಿ ಆಗಬೇಕಿತ್ತು. ಹ್ಯಾಂಡ್ ಬ್ರೇಕ್ ಸರಿ ನಿಲ್ಲುವುದಿಲ್ಲ ಅಂತ ಹಿಂದಿನ ಸಂಜೆ ನಾನೇ ಗೇರಿನಲ್ಲಿ ಹಾಕಿ ಕೊಟ್ಟಿಗೆ ಮುಂದೆ ನಿಲ್ಲಿಸಿದ್ದೆ. ಬೆಳಿಗ್ಗೆ ಅದು ತಲೆಯಲ್ಲೇ ಇರಲಿಲ್ಲ. ಕೀ ತಿರುಗಿಸಿ ನೋಡಿದೆ, ‘ಟಕ್’. ಕೀ ತೆಗೆದು ಜೇಬಿಗೆ ಹಾಕಿ ಇಳಿದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬಗ್ಗಿ ಸ್ಕ್ರೂಡ್ರೈವರ್ ಒಳಗೆ ಹಾಕಿದೆ. ನನ್ನ ತಲೆ ನೆನೆಯಬಾರದು ಅಂತ ಚಿಕ್ಕಪ್ಪ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ದೊಡ್ಡ ಚಕ್ರದ ನೇರ ಮುಂದೆ.

ಕಿಡಿ ಹಾರಿತು. ಎಂಜಿನ್ ಎರಡು ಸುತ್ತು ತಿರುಗಿದ್ದಷ್ಟೇ, ಹಿಡಿದುಕೊಂಡಿತು. ಟ್ರ್ಯಾಕ್ಟರ್ ಮುಂದೆ ಹೊರಟಿತು.

ಜೋರಾಗಿ ಏನೂ ಅಲ್ಲ, ಲೋ ಗೇರ್. ಎತ್ತು ನಡೆದಷ್ಟೇ ನಿಧಾನ. ಆದರೆ ನನ್ನ ಬೆನ್ನ ಹಿಂದಿನಿಂದ ಆ ಟೈರ್ ಬಂದು ತಾಗಿದ್ದು ಇವತ್ತಿಗೂ ಮೈಗೆ ನೆನಪಿದೆ. ನಾನು ಹೊರಗೆ ಬಿದ್ದೆ. ಚಿಕ್ಕಪ್ಪ ಹಿಂದೆ ಸರಿಯುವಷ್ಟರಲ್ಲಿ ಎಡಗಾಲಿನ ಗಮ್‌ಬೂಟ್ ಟೈರಿನ ಅಡಿಗೆ ಸಿಕ್ಕಿತು. ಅಂಗಳದಲ್ಲಿ ಕೆಸರಿತ್ತು, ಪಾದ ಅದರೊಳಗೆ ಹೂತುಹೋಯಿತು. ಅದೇ ಉಳಿಸಿದ್ದು. ಟ್ರ್ಯಾಕ್ಟರ್ ಹೋಗಿ ಜಂಬಿಟ್ಟಿಗೆ ಕಲ್ಲಿನ ಗೋಡೆಗೆ ತಲೆ ಕೊಟ್ಟು, ಅಲ್ಲೇ ಚಕ್ರ ತಿರುಗಿಸಿ ಮಣ್ಣು ತೋಡುತ್ತಾ ನಿಂತಿತು.

ಚಿಕ್ಕಮ್ಮ ಜಗಲಿಯಿಂದ ‘ಕೀ ತೆಗಿಯೋ, ಕೀ ತೆಗಿ’ ಅಂತ ಕೂಗುತ್ತಿದ್ದರು. ಕೀ ನನ್ನ ಜೇಬಲ್ಲೇ ಇತ್ತು. ಇಂಥ ಹಳೇ ಡೀಸೆಲ್ ಎಂಜಿನ್ನಿಗೆ ಓಡಲು ಕರೆಂಟೇ ಬೇಡ. ಒಮ್ಮೆ ಹಿಡಿದರೆ ಡೀಸೆಲ್ ಪಂಪ್ ನಡೆಸಿಕೊಂಡು ಹೋಗುತ್ತದೆ. ನಿಲ್ಲಬೇಕಾದರೆ ಮೇಲೆ ಹತ್ತಿ, ಡೀಸೆಲ್ ಬಂದ್ ಮಾಡುವ ಸ್ಟಾಪ್ ಎಳೆಯಲೇಬೇಕು. ಹತ್ತಿ ಎಳೆದೆ.

ಪಾದದ ಎರಡು ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್. 60 ದಾಟಿದ ಮನುಷ್ಯ, ಆ ಮಳೆಗಾಲ ಪೂರ್ತಿ ತೋಟದ ಕಡೆ ಹೋಗಲಾಗಲಿಲ್ಲ. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆಮೇಲೆ ಅತ್ತಿಗೆಯ ತಂದೆ ಚಿಕ್ಕಪ್ಪನನ್ನು ನೋಡಲು ಬಂದರು. ಶಿವಮೊಗ್ಗದಲ್ಲಿ ಬಸ್ಸುಗಳ ವೈರಿಂಗ್ ಕೆಲಸ ಮಾಡಿ ನಿವೃತ್ತರಾದವರು. ಕಾಫಿ ಕುಡಿದವರೇ ಕೇಳಿದರು: ‘ಬ್ಯಾಟರಿ ಹಾಕ್ಸಿದ್ದೀಯ, ಮೋಟರ್ ಮಾಡ್ಸಿದ್ದೀಯ. ಮಧ್ಯದ ದಾರಿ ನೋಡಿದ್ಯೇನೋ ಮಾರಾಯ?’

ಇಲ್ಲ ಮಾವ, ಯಾರೂ ನೋಡಿರಲಿಲ್ಲ.

ಚೀಲದಿಂದ ಸಣ್ಣ ಮಲ್ಟಿಮೀಟರ್ ತೆಗೆದರು. ಗೇರ್ ನ್ಯೂಟ್ರಲ್ ಮಾಡಿಸಿ, ಸ್ಟಾಪ್ ಎಳೆದಿಟ್ಟು (ಎಂಜಿನ್ ಹಿಡಿಯಬಾರದು ಅಂತ), ನನ್ನನ್ನು ಸೀಟಿನ ಮೇಲೆ ಕೂರಿಸಿದರು. ಮೊದಲು ಬ್ಯಾಟರಿ ಮೇಲೆ ಹಿಡಿದರು, 12.6 ವೋಲ್ಟ್. ಫುಲ್ ಚಾರ್ಜ್. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ ಮೈಯ ಕೆರೆದ ಕಬ್ಬಿಣಕ್ಕೆ. ‘ಸೆಲ್ಫ್ ಹೊಡಿ’ ಅಂದರು. ಹೊಡೆದೆ. ಮೀಟರಿನಲ್ಲಿ 3.4 ವೋಲ್ಟ್, ಅಂದರೆ ಮೋಟರಿಗೆ ಸಿಗಬೇಕಾದ ಅಷ್ಟು ವೋಲ್ಟ್ ದಾರಿಯಲ್ಲೇ ಹೋಗುತ್ತಿತ್ತು.

ಅಲ್ಲಿ ಅರ್ಧ ವೋಲ್ಟ್ ಬಂದರೂ ತೊಂದರೆ ಇದೆ ಅಂತಲೇ ಲೆಕ್ಕ. ಸೆಲ್ಫ್ ಮೋಟರ್ ತಿರುಗುವಾಗ 200 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದಂತೆ. ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಪಾಲು ತಡೆ ಇದ್ದರೂ ಸಾಕು, 2 ವೋಲ್ಟ್ ಅಲ್ಲೇ ಹೋಯಿತು. ಹೆಡ್‌ಲೈಟಿಗೆ ಎಂಟತ್ತು ಆಂಪಿಯರ್ ಸಾಕು, ಅದಕ್ಕೆ ಈ ತಡೆ ಗೊತ್ತೇ ಆಗುವುದಿಲ್ಲ. ಲೈಟ್ ಚೆನ್ನಾಗಿ ಉರಿಯುತ್ತೆ, ಸೆಲ್ಫ್ ತಿರುಗಲ್ಲ. ನಾವು ಮೋಸ ಹೋಗುವುದೇ ಇಲ್ಲಿ.

ಬ್ಯಾಟರಿಯ ಮೈನಸ್‌ನಿಂದ ಚಾಸಿಗೆ, ಅಂದರೆ ಟ್ರ್ಯಾಕ್ಟರಿನ ಕಬ್ಬಿಣದ ಮೈಗೆ ಹೋಗುವ ಅರ್ಥ್ ವೈರ್ ಬಿಚ್ಚಿದೆವು. ಮೇಲಿನಿಂದ ನೋಡಿದರೆ ಕಪ್ಪು ರಬ್ಬರ್ ಸರಿಯಾಗೇ ಇತ್ತು. ತುದಿಯ ತಾಮ್ರದ ಬಳೆಯ ಕೆಳಗೆ ಹಳೇ ಪೇಂಟು, ಅದರ ಮೇಲೆ ತುಕ್ಕು, ಅದರ ಮೇಲೆ ಬೋಲ್ಟು. ಮಾವ ರಬ್ಬರನ್ನು ಎರಡು ಇಂಚು ಸೀಳಿದರು. ಒಳಗಿನ ತಾಮ್ರದ ಎಳೆಗಳು ಹಾವಸೆ ಹಿಡಿದ ಹಾಗೆ ಹಸಿರಾಗಿದ್ದವು. ಬೆರಳಲ್ಲಿ ತಿಕ್ಕಿದರೆ ಪುಡಿ ಉದುರಿತು. ಅರ್ಧಕ್ಕರ್ಧ ಎಳೆ ತುಂಡಾಗಿತ್ತು. ನಾಲ್ಕು ತಿಂಗಳು ಸುರಿಯುವ ಮಳೆ, ಒಣಗದ ಕೊಟ್ಟಿಗೆ, ತೋಟಕ್ಕೆ ಹೊಡೆಯುವ ಮೈಲುತುತ್ತದ ಡ್ರಮ್ ಬೇರೆ ಪಕ್ಕದಲ್ಲೇ. ಬ್ಯಾಟರಿ ಬದಲಿಸುವಾಗ, ಮೋಟರ್ ಬಿಚ್ಚುವಾಗ ಆ ವೈರ್ ಸ್ವಲ್ಪ ಅಲ್ಲಾಡಿ ಕೆಲವು ದಿನ ಹಿಡಿದುಕೊಂಡಿತ್ತು, ಅಷ್ಟೇ.

ಹೊಸ ದಪ್ಪ ಕೇಬಲ್, ಬಳೆ, ಮೇಲೆ ಹಚ್ಚಲು ಗ್ರೀಸ್ ಎಲ್ಲ ಸೇರಿ 450 ರೂಪಾಯಿ. ಚಾಸಿಯನ್ನು ಎಮರಿ ಪೇಪರಿನಲ್ಲಿ ಬೆಳ್ಳಗಾಗುವವರೆಗೆ ತಿಕ್ಕಿ ಕೂರಿಸಿದೆವು. ಮತ್ತೆ ಅಳೆದರೆ 0.2. ಅವತ್ತಿಂದ ಒಮ್ಮೆಯೂ ‘ಟಕ್’ ಅಂದಿಲ್ಲ.

ನೀವೂ ಬ್ಯಾಟರಿಗೆ ದುಡ್ಡು ಕೊಡುವ ಮುಂಚೆ ಇದೊಂದು ನೋಡಿಸಿ. ಪ್ಲಸ್ ಕಡೆಯೂ ಹಾಗೇ, ಬ್ಯಾಟರಿ ಕಂಬದಿಂದ ಮೋಟರಿನ ಬೋಲ್ಟಿನವರೆಗೆ. ಮೀಟರ್ ಇಲ್ಲದಿದ್ದರೆ ಸೆಲ್ಫ್ ಹೊಡೆದು ಬಿಟ್ಟ ಮೇಲೆ ಒಂದೊಂದೇ ಕ್ಲಾಂಪ್ ಮುಟ್ಟಿ ನೋಡಿ, ಯಾವುದು ಬಿಸಿಯೋ ಅಲ್ಲೇ ದೋಷ. ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ. ವೈರ್ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಇಲ್ಲದಿದ್ದರೆ ಸ್ಪ್ಯಾನರ್ ಬಾಡಿಗೆ ತಾಗಿ ಬ್ಯಾಟರಿ ಪಕ್ಕದಲ್ಲೇ ಕಿಡಿ ಹಾರುತ್ತದೆ, ಅಲ್ಲಿ ಬೆಂಕಿ ಹಿಡಿಯುವ ಗ್ಯಾಸ್ ಇರುತ್ತದೆ.

ಇನ್ನೊಂದು ವಿಷಯ ಮಾವ ಅವತ್ತೇ ಕಂಡುಹಿಡಿದರು. ಕ್ಲಚ್ ಪೆಡಲಿನ ಹತ್ತಿರ, ಕ್ಲಚ್ ತುಳಿಯದಿದ್ದರೆ ಸೆಲ್ಫ್ ತಿರುಗದಂತೆ ತಡೆಯುವ ಸೇಫ್ಟಿ ಸ್ವಿಚ್ ಇದೆ. ಅದರ ಎರಡೂ ವೈರನ್ನು ಹಿಂದಿನ ಮಾಲೀಕರು ಯಾವಾಗಲೋ ಕೂಡಿಸಿ ಟೇಪ್ ಸುತ್ತಿಟ್ಟಿದ್ದರು. ಅಂದರೆ ಸೀಟಿನ ಮೇಲೆ ಕೂತು ಕೀ ತಿರುಗಿಸಿದರೂ ನಮ್ಮ ಟ್ರ್ಯಾಕ್ಟರ್ ಗೇರಿನಲ್ಲೇ ಹಾರುವಂತಿತ್ತು. ಸ್ಕ್ರೂಡ್ರೈವರ್ ತಾಗಿಸಿದರಂತೂ ಸ್ವಿಚ್ ಇದ್ದರೂ ಇಲ್ಲದ ಹಾಗೆಯೇ, ಕರೆಂಟ್ ಅದನ್ನು ದಾಟಿ ನೇರ ಹೋಗುತ್ತದೆ. ನಿಮ್ಮದರಲ್ಲಿ ಕ್ಲಚ್ ಸ್ವಿಚ್ ಇದ್ದರೆ ಇವತ್ತೇ ನೋಡಿ. ಸೀಟಿನ ಮೇಲೆ ಕೂತು, ನ್ಯೂಟ್ರಲ್ ಮಾಡಿ, ಸ್ಟಾಪ್ ಎಳೆದಿಟ್ಟು, ಕ್ಲಚ್ ತುಳಿಯದೆ ಕೀ ತಿರುಗಿಸಿ. ಸೆಲ್ಫ್ ತಿರುಗಿದರೆ ನಿಮ್ಮದರಲ್ಲೂ ಯಾರೋ ವೈರ್ ಕೂಡಿಸಿದ್ದಾರೆ, ಇಲ್ಲಾ ಸ್ವಿಚ್ ಕೆಟ್ಟಿದೆ.